ಶಾಲೆಗೆ ಎಷ್ಟು ದೂರ: ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ಪ್ರೌಢಶಾಲೆ ಬೆಳೆದ ಬಗೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಪ್ರೌಢಶಾಲೆ ಬೆಳೆದುಬಂದ ಬಗೆಯನ್ನು ಅರಿಯಲು ಸರ್ಕಾರದ ಆದೇಶಗಳಿಗಿಂತ ಮೊದಲು ಅಲ್ಲಿನ ಮನೆಗಳು ಎಲ್ಲೆಲ್ಲಿ ನಿಂತಿವೆ ಎಂಬುದನ್ನು ಗಮನಿಸಬೇಕಾಗುತ್ತದೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ಕುಳಿತಿಲ್ಲ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ನೀರಿನ ಆಸರೆ ಇರುವಲ್ಲಿ ಅಡಿಕೆ ತೋಟ, ತೋಟದ ಅಂಚಿನಲ್ಲಿ ಮನೆ, ಮನೆಯ ಹಿಂದೆ ಬೆಟ್ಟ ಎಂಬ ವಿನ್ಯಾಸದಲ್ಲಿ ನಾಲ್ಕು ಮನೆ ಇಲ್ಲಿ, ಎರಡು ಮನೆ ಅಲ್ಲಿ ಎಂಬಂತೆ ಅವು ಚದುರಿವೆ. ಈ ಸೀಮೆಯ ಬಳಕೆಯಲ್ಲಿ ಬೆಟ್ಟವೆಂದರೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲೆಂದು ಹಿಡುವಳಿದಾರರಿಗೆ ಬಿಟ್ಟುಕೊಟ್ಟ ಅರಣ್ಯಭೂಮಿ. ಸೊಪ್ಪಿನಬೆಟ್ಟವೆಂದು ದಾಖಲೆಗಳಲ್ಲಿ ಕಾಣುವ ಈ ಭೂಮಿಯನ್ನು ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕೊಡುವ ಪದ್ಧತಿ ಬ್ರಿಟಿಷರ ಆಡಳಿತದಿಂದ ನಡೆದುಬಂದಿದೆ. ಒಂದು ಕುಟುಂಬದ ಬದುಕಿಗೆ ಇಷ್ಟು ವಿಸ್ತಾರ ಬೇಕಾದಾಗ ನೆರೆಮನೆ ದೂರವಾಗುವುದು ಸಹಜ. 2011ರ ಜನಗಣತಿಯಂತೆ ರಾಜ್ಯದ ಸರಾಸರಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 319 ಇದ್ದರೆ ಉತ್ತರ ಕನ್ನಡದ್ದು 140 ಮಾತ್ರ. ಘಟ್ಟದ ಮೇಲಿನ ಕಾಡಂಚಿನ ಮಜರೆಗಳಲ್ಲಿ ಅದು ಇನ್ನೂ ವಿರಳ.

ಇಂಥ ಊರುಗಳಲ್ಲಿ ಪ್ರಾಥಮಿಕ ಶಾಲೆಯನ್ನು ನಡೆಸುವುದು ಕಷ್ಟವಾದರೂ ಅಸಾಧ್ಯವಲ್ಲ. ಇಪ್ಪತ್ತು ಮಕ್ಕಳು ಸಿಕ್ಕರೆ ಒಬ್ಬಿಬ್ಬರು ಶಿಕ್ಷಕರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಯಾದರೂ ಕಲಿಸಬಲ್ಲರು. ಪ್ರೌಢಶಾಲೆಗೆ ಈ ಸೌಲಭ್ಯವಿಲ್ಲ. ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಕನ್ನಡಕ್ಕೊಬ್ಬರು, ಇಂಗ್ಲಿಷಿಗೊಬ್ಬರು, ಹಿಂದಿಗೋ ಸಂಸ್ಕೃತಕ್ಕೋ ಒಬ್ಬರು, ಗಣಿತಕ್ಕೆ, ವಿಜ್ಞಾನಕ್ಕೆ, ಸಮಾಜ ವಿಜ್ಞಾನಕ್ಕೆ ಪ್ರತ್ಯೇಕವಾಗಿ, ಆಟೋಟಕ್ಕೆ ಮತ್ತೊಬ್ಬರು ಎಂದು ಆರೇಳು ಶಿಕ್ಷಕರಾದರೂ ಬೇಕು. ಅಷ್ಟು ಜನರ ಸಂಬಳಕ್ಕೆ ನ್ಯಾಯ ಒದಗುವಷ್ಟು ಮಕ್ಕಳು ಸೇರಬೇಕಾದರೆ ಹತ್ತಾರು ಊರುಗಳು ಒಂದೇ ಶಾಲೆಯನ್ನು ಒಪ್ಪಬೇಕು. ಆದ್ದರಿಂದ ಈ ಸೀಮೆಯಲ್ಲಿ ಪ್ರೌಢಶಾಲೆಯ ಚರಿತ್ರೆ ಎಂಬುದು ಬಹುಮಟ್ಟಿಗೆ ದೂರದ ಚರಿತ್ರೆ: ಮಗು ಶಾಲೆಯನ್ನು ಹುಡುಕಿಕೊಂಡು ಹೋದ ಕಾಲ, ಶಾಲೆಯೇ ಮಗುವಿನ ಬಳಿಗೆ ಬಂದ ಕಾಲ, ಮತ್ತೆ ಮಗುವನ್ನು ವಾಹನದಲ್ಲಿ ದೂರಕ್ಕೆ ಒಯ್ಯುತ್ತಿರುವ ಈಗಿನ ಕಾಲ.

ಮುಲ್ಕಿಯಿಂದ ಮೆಟ್ರಿಕ್‌ವರೆಗೆ

ಕೆನರಾ ಜಿಲ್ಲೆ ಎರಡಾಗಿ, ಅದರ ಉತ್ತರ ಭಾಗ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಘಟ್ಟದ ಮೇಲಿನ ತಾಲೂಕುಗಳ ಶಿಕ್ಷಣವೂ ಮುಂಬಯಿಯ ವ್ಯವಸ್ಥೆಗೆ ಒಳಪಟ್ಟಿತು. 1854ರ ವುಡ್ ವರದಿಯ ನಂತರ ರೂಪುಗೊಂಡ ಆ ವ್ಯವಸ್ಥೆಯಲ್ಲಿ ದೇಶಭಾಷೆಯ ಶಾಲೆ ಮತ್ತು ಇಂಗ್ಲಿಷ್ ಶಾಲೆ ಎಂಬ ಎರಡು ಬೇರೆ ಬೇರೆ ದಾರಿಗಳಿದ್ದವು. ಮೊದಲನೆಯದರ ಕೊನೆಯ ಮೆಟ್ಟಿಲು ಮುಲ್ಕಿ ಪರೀಕ್ಷೆ; ಕನ್ನಡ ಏಳನೆಯ ಇಯತ್ತೆಯ, ಅಂದರೆ ತರಗತಿಯ, ಕೊನೆಗೆ ನಡೆಯುತ್ತಿದ್ದ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಊರಿನ ಶಾಲೆಯ ಮಾಸ್ತರನಾಗಬಹುದಿತ್ತು, ಕಂದಾಯ ಇಲಾಖೆಯಲ್ಲಿ ತಲಾಠಿಯಾಗಬಹುದಿತ್ತು. ಎರಡನೆಯ ದಾರಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಒಯ್ಯುತ್ತಿತ್ತು. ಕಾಲೇಜು, ವಕೀಲಿ, ವೈದ್ಯಕೀಯ, ಮೇಲಿನ ದರ್ಜೆಯ ನೌಕರಿ ಎಲ್ಲವೂ ಆ ದಾರಿಯ ತುದಿಯಲ್ಲಿದ್ದವು. ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ದಿನಗಳಲ್ಲಿ ಕನ್ನಡ ಶಾಲೆಗಳನ್ನು ಸ್ಥಾಪಿಸಲು ಧಾರವಾಡವನ್ನು ನೆಲೆಯಾಗಿಸಿಕೊಂಡು ಶ್ರಮಿಸಿದ ಡೆಪ್ಯುಟಿ ಚನ್ನಬಸಪ್ಪನವರ (1834–1881) ಕೆಲಸದ ಫಲವನ್ನು ಮುಲ್ಕಿಯ ದಾರಿಯಲ್ಲಿ ನಡೆದ ತಲೆಮಾರುಗಳು ಉಂಡವು. ಆದರೆ ಮೆಟ್ರಿಕ್‌ನ ದಾರಿ ಘಟ್ಟದ ಮೇಲಿನ ಮಗುವಿಗೆ ಬಹುಕಾಲ ಇಕ್ಕಟ್ಟಾಗಿಯೇ ಉಳಿಯಿತು.

ಇದಕ್ಕೆ ಕಾರಣ ಬರಿಯ ಬಡತನವಲ್ಲ, ಪಠ್ಯಕ್ರಮದ ರಚನೆಯೂ ಹೌದು. ನಾಲ್ಕು ಇಯತ್ತೆಗಳನ್ನು ಕನ್ನಡದಲ್ಲಿ ಮುಗಿಸಿದ ಮಗು ಇಂಗ್ಲಿಷ್ ಒಂದನೆಯ ಇಯತ್ತೆಗೆ ಸೇರಬೇಕಿತ್ತು. ಅಲ್ಲಿಂದ ಏಳು ಇಯತ್ತೆಗಳಾದ ಮೇಲೆ ಮೆಟ್ರಿಕ್. ಅಂದರೆ ಹತ್ತು ಹನ್ನೊಂದರ ವಯಸ್ಸಿನಲ್ಲೇ ಮಗು ಮನೆ ಬಿಡಬೇಕು. ಕುಮಟೆಯ ಗಿಬ್ ಹೈಸ್ಕೂಲಿನಂಥ ಹಳೆಯ ಶಾಲೆಗಳು ಕರಾವಳಿಯಲ್ಲಿದ್ದವು. ಬಂದರು, ವ್ಯಾಪಾರ, ಜಿಲ್ಲಾ ಕಚೇರಿಗಳಿದ್ದ ಕೆಳಗಿನ ಪಟ್ಟಣಗಳಲ್ಲಿ ಇಂಗ್ಲಿಷ್ ವಿದ್ಯೆಗೆ ಬೇಡಿಕೆ ಮೊದಲೇ ಹುಟ್ಟಿತ್ತು. ಘಟ್ಟದ ಮೇಲೆ ಶಿರಸಿ ಪೇಟೆಯೊಂದೇ ಆ ಮಟ್ಟಿಗೆ ಆಸರೆ. ಊರ ದೇವತೆಯ ಹೆಸರನ್ನೇ ಹೊತ್ತ ಅಲ್ಲಿನ ಸರ್ಕಾರಿ ಮಾರಿಕಾಂಬಾ ಪ್ರೌಢಶಾಲೆ ಇಂದಿಗೂ ಮೂರು ತಾಲೂಕುಗಳ ಮಕ್ಕಳನ್ನು ಸೆಳೆಯುವ ದೊಡ್ಡ ಶಾಲೆ. ಪೇಟೆಯಲ್ಲಿ ಓದುವ ಹುಡುಗ ನೆಂಟರ ಮನೆಯಲ್ಲಿ ಉಳಿಯುತ್ತಿದ್ದ; ನೆಂಟರಿಲ್ಲದವನಿಗೆ ವಾರಾನ್ನವೇ ಗತಿ, ಅಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುವ ವ್ಯವಸ್ಥೆ. ಉದಾರವಾದ ಪದ್ಧತಿಯೆಂದು ಇದನ್ನು ಹೊಗಳುವುದುಂಟು. ಆದರೆ ಒಟ್ಟಿಗೆ ಕುಳಿತು ಉಣ್ಣಲು ಜಾತಿ ಅಡ್ಡಬರುತ್ತಿದ್ದ ಕಾಲದಲ್ಲಿ ಈ ಔದಾರ್ಯ ಯಾರ ಮಕ್ಕಳವರೆಗೆ ಚಾಚಿತ್ತು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಹುಡುಗಿಯರ ಮಾತಂತೂ ಅಲ್ಲಿ ಬರುತ್ತಲೇ ಇರಲಿಲ್ಲ.

ಅನುಕೂಲವಿದ್ದ ಮನೆಯವರು ಇನ್ನೂ ದೂರ ಹೋದರು. ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ 1926ರಲ್ಲಿ ಹುಟ್ಟಿ ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರ ಉನ್ನತ ವಿದ್ಯಾಭ್ಯಾಸ ಕಾಶಿ ವಿದ್ಯಾಪೀಠದಲ್ಲಿ, ಲಖನೌದಲ್ಲಿ ನಡೆಯಿತು. ತೋಟದ ಉತ್ಪನ್ನವಿದ್ದ, ರಾಷ್ಟ್ರೀಯ ಚಳವಳಿಯ ಗಾಳಿ ತಾಗಿದ ಕುಟುಂಬಕ್ಕೆ ಸಾಧ್ಯವಾದ ದೂರ ಅದು.

ಹತ್ತು ಹನ್ನೊಂದರ ವಯಸ್ಸಿನಲ್ಲೇ ಮನೆ ಬಿಡಬೇಕಾದ ಈ ಕಟ್ಟನ್ನು ಸಡಿಲಿಸಿದ್ದು ಮುಂಬಯಿ ಸರ್ಕಾರ ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಬಿ.ಜಿ. ಖೇರ್ ಅವರ ಮುಖ್ಯಮಂತ್ರಿತ್ವದಲ್ಲಿ ಕೈಗೊಂಡ ಒಂದು ನಿರ್ಧಾರ. ಇಂಗ್ಲಿಷನ್ನು ಎಂಟನೆಯ ಇಯತ್ತೆಯಿಂದ ಮಾತ್ರ ಕಲಿಸಬೇಕೆಂಬ ಆ ನೀತಿಯನ್ನು ಅಂದೂ ಆಮೇಲೂ ಭಾಷಾಭಿಮಾನದ ಪ್ರಶ್ನೆಯಾಗಿಯೇ ಹೆಚ್ಚು ಚರ್ಚಿಸಲಾಗಿದೆ. ಮಕ್ಕಳ ಇಂಗ್ಲಿಷ್ ಕೆಟ್ಟಿತೆಂಬ ದೂರೂ ಅದರ ಮೇಲಿದೆ. ಹಳ್ಳಿಯ ಕಡೆಯಿಂದ ನೋಡಿದರೆ ಅದರ ಪರಿಣಾಮ ಬೇರೆಯೇ ಆಗಿತ್ತು. ಊರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ ಮಗು ಯಾವ ನಷ್ಟವೂ ಇಲ್ಲದೆ ನೇರವಾಗಿ ಎಂಟಕ್ಕೆ ಸೇರುವಂತಾಯಿತು. ಮುಲ್ಕಿಯ ದಾರಿ ಮತ್ತು ಮೆಟ್ರಿಕ್‌ನ ದಾರಿ ಒಂದರ ಮುಂದೆ ಒಂದು ಜೋಡಣೆಗೊಂಡವು. ಪ್ರೌಢಶಾಲೆಯೆಂದರೆ ಏಳು ವರ್ಷಗಳ ದೊಡ್ಡ ಸಂಸ್ಥೆಯಾಗಿದ್ದದ್ದು ಕೆಲವೇ ತರಗತಿಗಳ ಚಿಕ್ಕ ಸಂಸ್ಥೆಯಾಯಿತು. ಅಷ್ಟು ಚಿಕ್ಕದನ್ನು ಒಂದು ಹಳ್ಳಿ ಕಟ್ಟಬಹುದು ಎಂಬ ಧೈರ್ಯ ಹುಟ್ಟಿದ್ದು ಇಲ್ಲಿಂದ.

ಸೊಸೈಟಿಯ ಮಾದರಿ

ಕಟ್ಟುವ ಕಸುಬು ಈ ಸೀಮೆಯ ಜನರಿಗೆ ಹೊಸದಾಗಿರಲಿಲ್ಲ. ಶಿರಸಿಯಲ್ಲಿ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1920ರಲ್ಲಿ, ಅಡಿಕೆ ಬೆಳೆಗಾರರ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಆರಂಭವಾಗಿದ್ದವು. ದಲ್ಲಾಳಿಯ ಕೈಯಿಂದ ಅಡಿಕೆಯನ್ನು ಬಿಡಿಸಿ ತಮ್ಮದೇ ಸಂಘದ ಮೂಲಕ ಮಾರಲು ಕಲಿತ ಬೆಳೆಗಾರರಿಗೆ ಷೇರು ಕೂಡಿಸುವುದು, ಸರ್ವಸಾಧಾರಣ ಸಭೆ ಕರೆಯುವುದು, ಆಡಳಿತ ಮಂಡಳಿಯನ್ನು ಆರಿಸುವುದು, ಠರಾವು ಬರೆಯುವುದು, ಲೆಕ್ಕಪತ್ರ ಒಪ್ಪಿಸುವುದು ಎಲ್ಲವೂ ಕೈಬಂದಿತ್ತು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕುಗಳಲ್ಲಿ ನಡೆದ ಕರನಿರಾಕರಣೆ, ಅಂದರೆ ಸರ್ಕಾರಕ್ಕೆ ಭೂಕಂದಾಯ ಕೊಡದೆ ಜಮೀನು ಹರಾಜಾದರೂ ಹಿಂಜರಿಯದ ಚಳವಳಿ, ಊರೂರುಗಳನ್ನು ಒಗ್ಗೂಡಿಸಿತ್ತು. ಈ ಎರಡು ಅನುಭವಗಳಿಂದ ಮೂಡಿದ ಮೂರನೆಯ ರೂಪವೇ ಶಿಕ್ಷಣ ಸಮಿತಿ. ಯಲ್ಲಾಪುರದಲ್ಲಿ ವೈಟಿಎಸ್‌ಎಸ್ ಎಂದೇ ಹೆಸರಾದ ಯಲ್ಲಾಪುರ ತಾಲೂಕು ಶಿಕ್ಷಣ ಸಮಿತಿ, ಸಿದ್ದಾಪುರದಲ್ಲಿ ಶಿಕ್ಷಣ ಪ್ರಸಾರಕ ಸಮಿತಿ, ಶಿರಸಿಯಲ್ಲಿ ಮಾಡರ್ನ್ ಎಜುಕೇಶನ್ ಸೊಸೈಟಿ ಹೀಗೆ ತಾಲೂಕು ಕೇಂದ್ರಗಳಲ್ಲಿ ಸಮಿತಿಗಳು ನೆಲೆಯೂರಿದವು. ಇವು ಪ್ರೌಢಶಾಲೆಗೆ ನಿಲ್ಲದೆ ಕಾಲೇಜು ಶಿಕ್ಷಣಕ್ಕೂ ಕೈಹಾಕಿದವು. ಶಿರಸಿಯ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜು 1962ರಲ್ಲಿ ಆರಂಭವಾದ ಮೇಲೆ ಪ್ರೌಢಶಾಲೆಯ ಆಚೆಗಿನ ಓದಿಗೆ ಘಟ್ಟದ ಮೇಲಿನ ಮಕ್ಕಳು ದೂರದ ಪಟ್ಟಣಗಳಿಗೆ ಹೋಗಲೇಬೇಕೆಂಬ ಸ್ಥಿತಿ ತಪ್ಪಿತು.

ಜಿಲ್ಲೆಯ ಮಟ್ಟದಲ್ಲಿ ಇದೇ ಕಾಲದ ದೊಡ್ಡ ಪ್ರಯತ್ನ ದಿನಕರ ದೇಸಾಯಿಯವರದು (1909–1982). ಕನ್ನಡಿಗರಿಗೆ ಚುಟುಕ ಕವಿಯಾಗಿ ಪರಿಚಿತರಾದ ಅವರು ರೈತ ಹೋರಾಟ ಕಟ್ಟಿ, 1940ರ ದಶಕದ ಆರಂಭದಲ್ಲಿ ಜಿಲ್ಲೆಯಿಂದ ಗಡಿಪಾರಾಗಿ, ಮರಳಿ ಬಂದು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಲವೆಡೆ ಜನತಾ ವಿದ್ಯಾಲಯಗಳೆಂಬ ಪ್ರೌಢಶಾಲೆಗಳನ್ನು ತೆರೆದರು. ಗೇಣಿದಾರನ ಮಗ ಓದಬೇಕೆಂಬುದು ಅವರ ಗುರಿ. ಟ್ರಸ್ಟಿನ ಒತ್ತು ಕರಾವಳಿಯ ಮೇಲೆ ಹೆಚ್ಚು. ಘಟ್ಟದ ಮೇಲೆ ಅಂಥ ಒಂದೇ ಕೇಂದ್ರಸಂಸ್ಥೆ ಬೆಳೆಯಲಿಲ್ಲ. ಇಲ್ಲಿ ಪ್ರತಿಯೊಂದು ಸೀಮೆಯೂ ತನ್ನದೇ ಸಮಿತಿಯನ್ನು ಕಟ್ಟಿಕೊಂಡಿತು, ತನ್ನದೇ ಹೆಸರನ್ನಿಟ್ಟಿತು. ಹುಲೇಕಲ್ಲಿನಲ್ಲಿ ಶ್ರೀದೇವಿ, ಭೈರುಂಬೆಯಲ್ಲಿ ಶಾರದಾಂಬಾ, ಕಾನಸೂರಿನಲ್ಲಿ ಕಾಳಿಕಾ ಭವಾನಿ, ಮಂಚಿಕೇರಿಯಲ್ಲಿ ರಾಜರಾಜೇಶ್ವರಿ ಎಂದು ದೇವಿಯರ ಹೆಸರಿನ ಶಾಲೆಗಳಿದ್ದರೆ, ಹಾರ್ಸಿಕಟ್ಟೆಯ ಶಾಲೆ ಅಶೋಕನ ಹೆಸರನ್ನೂ ವಜ್ರಳ್ಳಿಯ ಶಾಲೆ ಗಾಂಧೀಜಿಯ ಸರ್ವೋದಯವನ್ನೂ ಆರಿಸಿಕೊಂಡವು. ಊರ ದೇವಸ್ಥಾನ ಮತ್ತು ಹೊಸ ಗಣರಾಜ್ಯ, ಈ ಎರಡನ್ನೂ ಆ ತಲೆಮಾರು ಒಂದೇ ಉಸಿರಿನಲ್ಲಿ ನಂಬಿತ್ತು.

ಹಳ್ಳಿಯ ಪ್ರೌಢಶಾಲೆ ಸಾಮಾನ್ಯವಾಗಿ ಏಕಾಏಕಿ ಹುಟ್ಟುವುದಿಲ್ಲ. ಮೊದಲ ವರ್ಷ ಎಂಟನೆಯ ತರಗತಿಗೆ ಅನುಮತಿ, ಮರುವರ್ಷ ಒಂಬತ್ತು, ಅದರ ಮರುವರ್ಷ ಹತ್ತು; ಪ್ರತಿ ಮೆಟ್ಟಿಲಿಗೂ ಇಲಾಖೆಯ ತಪಾಸಣೆ. ಸ್ವಂತ ಕಟ್ಟಡವಾಗುವವರೆಗೆ ಪ್ರಾಥಮಿಕ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ಪಾಠ ನಡೆಯುವುದು ಈ ಸೀಮೆಯಲ್ಲಿ ಅಪರೂಪವಾಗಿರಲಿಲ್ಲ. ಜಾಗ ಒಬ್ಬರ ದಾನ, ಚಿರೆಕಲ್ಲು ಸಾಗಿಸುವ ಗಾಡಿ ಮತ್ತೊಬ್ಬರದು, ನೆಲ ಸಮ ಮಾಡುವುದು ಊರವರ ಶ್ರಮದಾನ, ಉಳಿದ ಖರ್ಚಿಗೆ ಮನೆಮನೆಯ ವಂತಿಗೆ. ಕಟ್ಟಡದ ನಂತರ ಎದುರಾಗುವುದು ಸಂಬಳದ ಪ್ರಶ್ನೆ. ಅದಕ್ಕೆ ಉತ್ತರ ಅನುದಾನ. ಅನುದಾನಿತ ಶಾಲೆಯೆಂದರೆ ಆಡಳಿತ ಖಾಸಗಿ ಸಮಿತಿಯದಾಗಿದ್ದು, ಮಂಜೂರಾದ ಹುದ್ದೆಗಳ ಸಂಬಳವನ್ನು ಸರ್ಕಾರ ಭರಿಸುವ ಶಾಲೆ. ವುಡ್ ವರದಿಯಲ್ಲೇ ಬೇರಿರುವ ಈ ಏರ್ಪಾಡನ್ನು ಮುಂಬಯಿ ಪ್ರಾಂತ್ಯ ಬಳಸಿತ್ತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅದು ಮುಂದುವರಿಯಿತು. ಘಟ್ಟದ ಮೇಲಿನ ಪ್ರೌಢಶಾಲೆಗಳನ್ನು ಜನರೇ ಕಟ್ಟಿದರೆಂದು ಹೆಮ್ಮೆಪಡುವವರೂ, ಸರ್ಕಾರ ಕೊಟ್ಟಿತೆಂದು ವಾದಿಸುವವರೂ ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ. ಗೋಡೆ ಊರಿನದು, ಗೋಡೆಯ ಒಳಗೆ ಮೂವತ್ತು ವರ್ಷ ನಿಂತು ಪಾಠ ಹೇಳಿದವರ ಸಂಬಳ ಬೊಕ್ಕಸದ್ದು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುತ್ತಿರಲಿಲ್ಲ.

ರಾಜ್ಯ ಬದಲಾದಾಗ ಪಠ್ಯಕ್ರಮವೂ ಬದಲಾಯಿತು. ಮುಂಬಯಿಯ ಹನ್ನೊಂದು ವರ್ಷಗಳ ಶಾಲಾವ್ಯಾಸಂಗದ ಬದಲು ಏಳು ವರ್ಷದ ಪ್ರಾಥಮಿಕ, ಮೂರು ವರ್ಷದ ಪ್ರೌಢ ಎಂಬ ಹತ್ತು ವರ್ಷದ ಮಾದರಿ ಬಂದು, 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾದ ನಂತರ ಎಸ್‌ಎಸ್‌ಎಲ್‌ಸಿ ಎಂಬ ಒಂದೇ ಅಳತೆಗೋಲು ರಾಜ್ಯದುದ್ದಕ್ಕೂ ನೆಲೆಗೊಂಡಿತು.

ತರಗತಿಯೊಳಗೆ ಬಂದವರು

ಸಮಿತಿಗಳ ಆಡಳಿತ ತೋಟದ ಹಿಡುವಳಿದಾರರ ಕೈಯಲ್ಲೇ ಹೆಚ್ಚಾಗಿ ಉಳಿದರೂ ತರಗತಿಯ ಸ್ವರೂಪ ಹಾಗೆ ಉಳಿಯಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿಸಿದ್ದು ಈ ಬದಲಾವಣೆಯ ಮುಖ್ಯ ತಿರುವು. ಸಿದ್ದಾಪುರಕ್ಕೆ ತಾಗಿದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹದ ನೆನಪು ಗಡಿಯ ಈಚೆಗೂ ಹಸಿರಾಗಿತ್ತು. ಗದ್ದೆ ಸ್ವಂತದ್ದಾದ ಮೇಲೆ ಗೇಣಿ ಮಾಡುತ್ತಿದ್ದ ದೀವರ, ನಾಮಧಾರಿ ಮನೆಗಳಿಂದ ಮಕ್ಕಳು ಏಳನೆಯ ನಂತರವೂ ಶಾಲೆಯಲ್ಲಿ ಉಳಿಯುವುದು ಹೆಚ್ಚಿತು. ಹಿಂದುಳಿದ ವರ್ಗಗಳ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿನಿಲಯಗಳು ವಾರಾನ್ನದ ಜಾಗವನ್ನು ಹಿಡಿದವು. ಉಣ್ಣಲು ಯಾರ ಮನೆಯ ಬಾಗಿಲಿಗೂ ನಿಲ್ಲದೆ ಓದುವುದು ಆಗ ಮಾತ್ರ ಎಲ್ಲರಿಗೂ ಸಾಧ್ಯವಾಯಿತು. ಈ ಸೀಮೆಯ ಶಿಕ್ಷಣವನ್ನು ಕುರಿತ ಬರಹಗಳು ಸಮಿತಿಯ ಅಧ್ಯಕ್ಷರನ್ನು ನೆನೆಯುವಷ್ಟು ವಿದ್ಯಾರ್ಥಿನಿಲಯಗಳನ್ನು ನೆನೆಯುವುದಿಲ್ಲ ಎಂಬುದು ಸೋಜಿಗ.

ಯಲ್ಲಾಪುರದ ಕಥೆ ಇನ್ನೂ ತಡವಾದದ್ದು. ಈ ತಾಲೂಕಿನ ಕಾಡಿನ ನಡುವಿನ ಹಾಡಿಗಳಲ್ಲಿ ಸಿದ್ದಿ, ಗೌಳಿ, ಕುಣಬಿ ಸಮುದಾಯಗಳ ನೆಲೆಗಳಿವೆ. ಆಫ್ರಿಕಾ ಮೂಲದವರಾಗಿ ಶತಮಾನಗಳ ಹಿಂದೆ ಪಶ್ಚಿಮ ಕರಾವಳಿಗೆ ಬಂದು ಘಟ್ಟದ ಕಾಡುಗಳಲ್ಲಿ ನೆಲೆನಿಂತ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರನ್ನು ಆ ಸಮುದಾಯದ ಮೊದಲ ಪದವೀಧರರೆಂದು ಗುರುತಿಸಲಾಗುತ್ತದೆ. ಶಿರಸಿಯ ಹುಡುಗರು ಮೆಟ್ರಿಕ್ ಮುಗಿಸಿ ವಕೀಲರಾದ ಎಷ್ಟೋ ದಶಕಗಳ ನಂತರ ನೆರೆಯ ತಾಲೂಕಿನ ಒಂದು ಸಮುದಾಯಕ್ಕೆ ತನ್ನ ಮೊದಲ ಪದವೀಧರ ದೊರೆತರೆಂಬುದನ್ನು ಎದುರುಬದುರು ಇಟ್ಟು ನೋಡಿದಾಗ, ದೂರವೆಂಬುದು ಕಿಲೋಮೀಟರುಗಳಿಂದಷ್ಟೇ ಅಳೆಯುವಂಥದ್ದಲ್ಲ ಎಂಬುದು ತಿಳಿಯುತ್ತದೆ. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಮಗು ಕನ್ನಡ ಪಠ್ಯದ ಮುಂದೆ ಕುಳಿತಾಗ ಮತ್ತೊಂದು ದೂರ ತೆರೆದುಕೊಳ್ಳುತ್ತದೆ.

ಶಾಲೆಯ ಪಂಚಾಂಗಕ್ಕೂ ತೋಟದ ಪಂಚಾಂಗಕ್ಕೂ ನಡುವೆ ಇಲ್ಲಿ ಹಳೆಯ ತಿಕ್ಕಾಟವಿದೆ. ಶೈಕ್ಷಣಿಕ ವರ್ಷ ಶುರುವಾಗುವುದು ಮುಂಗಾರಿನೊಂದಿಗೆ. ಹಳ್ಳ ತುಂಬಿದ ದಿನಗಳಲ್ಲಿ ಕಾಲುಸಂಕ, ಅಂದರೆ ಮರದ ದಿಮ್ಮಿಗಳನ್ನು ಹಳ್ಳದ ಮೇಲೆ ಅಡ್ಡ ಹಾಕಿದ ಕಿರುಸೇತುವೆ, ದಾಟಿ ಬರಬೇಕಾದ ಮಕ್ಕಳು ಗೈರಾಗುತ್ತಾರೆ. ತಹಶೀಲ್ದಾರರು ಮಳೆರಜೆ ಘೋಷಿಸಿದರೆ ತಪ್ಪಿದ ಪಾಠವನ್ನು ಮುಂದೆ ರಜಾದಿನಗಳಲ್ಲಿ ತುಂಬಿಸಿಕೊಡಬೇಕು. ಮಳೆ ಹಿಂದೆ ಸರಿಯುವಷ್ಟರಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳನ್ನು ಇಳಿಸುವ ಕಾಲ. ರಾತ್ರಿಯೆಲ್ಲ ಅಡಿಕೆ ಸುಲಿಯುವ ಕೆಲಸದಲ್ಲಿ ಕೂಲಿಕಾರರ ಮನೆಯವರೆಲ್ಲ ತೊಡಗುತ್ತಾರೆ. ಸುಲಿದಷ್ಟಕ್ಕೆ ಕೂಲಿಯಾದ್ದರಿಂದ ಮನೆಯ ದೊಡ್ಡ ಮಕ್ಕಳ ಕೈಗೂ ಮೆಟ್ಟುಗತ್ತಿಯ ಪರಿಚಯವುಂಟು. ಹತ್ತನೆಯ ತರಗತಿಯ ಪಾಠ ಬಿರುಸಾಗುವುದು ಅದೇ ತಿಂಗಳುಗಳಲ್ಲಿ. ಹೀಗಾಗಿ ತೋಟದ ಮನೆಯ ಮಗುವಿಗೆ ಆದಾಯ ತರುವ ಋತು ಕೂಲಿಯ ಮನೆಯ ಮಗುವಿಗೆ ಓದಿನಿಂದ ಕೀಳುವ ಋತುವಾಗುತ್ತದೆ.

ಹುಡುಗಿಯರ ಮಟ್ಟಿಗೆ ಹಳ್ಳಿಯ ಪ್ರೌಢಶಾಲೆ ತಂದ ಬದಲಾವಣೆ ಎಲ್ಲಕ್ಕಿಂತ ದೊಡ್ಡದು. ಮಗನನ್ನು ಪೇಟೆಯಲ್ಲಿ ನೆಂಟರ ಮನೆಯಲ್ಲಿರಿಸಿ ಓದಿಸಿದ ತಂದೆ ಮಗಳನ್ನು ಏಳನೆಗೇ ಬಿಡಿಸುತ್ತಿದ್ದ. ನಡೆದುಹೋಗಿ ಸಂಜೆ ಮನೆಗೆ ಮರಳಬಹುದಾದಷ್ಟು ಹತ್ತಿರ ಶಾಲೆ ಬಂದಾಗ ಅವನ ಆಕ್ಷೇಪಕ್ಕೆ ಆಧಾರ ಉಳಿಯಲಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿತು. ಬಯಲುನಾಡಿನಲ್ಲಿ ಅದು ಕೊಟ್ಟ ಫಲವನ್ನು ಘಟ್ಟದ ಏರುತಗ್ಗಿನಲ್ಲಿ ಪೂರ್ತಿಯಾಗಿ ಕೊಡಲಿಲ್ಲವೆಂಬುದು ಇಲ್ಲಿನ ರಸ್ತೆಗಳನ್ನು ಕಂಡವರಿಗೆ ಗೊತ್ತು. ಕೊರೊನಾ ನಂತರ ಯೋಜನೆಯೂ ನಿಂತಿತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರ ಪ್ರಯಾಣ ಉಚಿತವಾಯಿತು. ಆದರೆ ಶಾಲೆಯ ಹೊತ್ತಿಗೆ ಸರಿಯಾಗಿ ಬಸ್ಸು ಬರುವ ದಾರಿಯಲ್ಲಿರುವವರಿಗೆ ಮಾತ್ರ ಅದರ ಉಪಯೋಗ. 2021ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳು ಕೊಚ್ಚಿಹೋದಾಗ ಆ ಊರಿಗೆ ಹೊರಗಿನ ಸಂಪರ್ಕವೇ ಕಷ್ಟವಾಗಿತ್ತು ಎಂಬುದನ್ನು ನೆನೆದರೆ, ರಸ್ತೆಯನ್ನು ನಂಬಿದ ಶಿಕ್ಷಣ ಈ ಸೀಮೆಯಲ್ಲಿ ಎಷ್ಟು ಅಸ್ಥಿರವೆಂಬುದು ಅರಿವಾಗುತ್ತದೆ.

ಅಂಕ ಮತ್ತು ಹಾಜರಿ

ಆಡಳಿತದ ಅನುಕೂಲಕ್ಕಾಗಿ ಶಿಕ್ಷಣ ಇಲಾಖೆ ಉತ್ತರ ಕನ್ನಡವನ್ನು ಕಾರವಾರ ಮತ್ತು ಶಿರಸಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಿದೆ; ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜೊತೆ ಮುಂಡಗೋಡ, ಹಳಿಯಾಳ, ಜೋಯಿಡಾಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಈ ಹೆಸರು ರಾಜ್ಯದ ಗಮನಕ್ಕೆ ಬರುವುದು ಈಗ ರೂಢಿಯಾಗಿದೆ. 2020ರಲ್ಲಿ 625ಕ್ಕೆ 625 ಅಂಕ ಪಡೆದ ರಾಜ್ಯದ ಆರು ವಿದ್ಯಾರ್ಥಿಗಳಲ್ಲಿ ಒಬ್ಬಳು ಶಿರಸಿಯ ಸರ್ಕಾರಿ ಮಾರಿಕಾಂಬಾ ಶಾಲೆಯವಳು. 2025ರಲ್ಲಿ ಪೂರ್ಣಾಂಕ ಪಡೆದ 22 ಮಂದಿಯಲ್ಲಿ ಒಬ್ಬಳು ಅದೇ ಊರಿನ ಸರ್ಕಾರಿ ಉರ್ದು ಪ್ರೌಢಶಾಲೆಯ ವಿದ್ಯಾರ್ಥಿನಿ. ಎರಡೂ ಸರ್ಕಾರಿ ಶಾಲೆಗಳು, ಇಬ್ಬರೂ ಹುಡುಗಿಯರು. ವಾರಾನ್ನದ ಕಾಲದಲ್ಲಿ ಲೆಕ್ಕಕ್ಕೇ ಬಾರದಿದ್ದವರು ಲೆಕ್ಕದ ತುದಿಗೆ ಬಂದು ನಿಂತದ್ದನ್ನು ಈ ಎರಡು ಫಲಿತಾಂಶಗಳು ತೋರಿಸುತ್ತವೆ.

ಪೂರ್ಣಾಂಕದ ಸಂಭ್ರಮದ ಪಕ್ಕದಲ್ಲೇ ಹಳ್ಳಿಯ ಅನುದಾನಿತ ಪ್ರೌಢಶಾಲೆಯ ಹಾಜರಿ ಪುಸ್ತಕ ತೆಳ್ಳಗಾಗುತ್ತಿದೆ. ಇದಕ್ಕೆ ಶಾಲೆಯ ವೈಫಲ್ಯ ಕಾರಣವೆಂದು ಹೇಳಲಾಗದು. ಹಾಗೆ ನೋಡಿದರೆ ಅದರ ಯಶಸ್ಸೇ ಒಂದು ಕಾರಣ. ಈ ಶಾಲೆಗಳಲ್ಲಿ ಹತ್ತನೆಯವರೆಗೆ ಓದಿದ ತಲೆಮಾರು ಪಿಯುಸಿ, ಪದವಿ ಮುಗಿಸಿ ಹುಬ್ಬಳ್ಳಿಗೆ, ಬೆಂಗಳೂರಿಗೆ, ಹೊರದೇಶಗಳಿಗೆ ಹೋಯಿತು; ಅವರ ಮಕ್ಕಳು ಅಲ್ಲಿಯ ಶಾಲೆಗಳಲ್ಲಿದ್ದಾರೆ. ಊರಲ್ಲಿ ಉಳಿದ ಕುಟುಂಬಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಇದ್ದ ಮಗುವನ್ನು ಒಯ್ಯಲು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವಾಹನ ಬೆಳಿಗ್ಗೆ ಕ್ರಾಸಿಗೆ ಬರುತ್ತದೆ. ಎಪ್ಪತ್ತು ವರ್ಷಗಳ ಹಿಂದೆ ಹತ್ತಾರು ಊರುಗಳು ಒಂದೇ ಶಾಲೆಯನ್ನು ಒಪ್ಪಿದ್ದರಿಂದ ಹಳ್ಳಿಗೆ ಪ್ರೌಢಶಾಲೆ ಬಂದಿತ್ತು. ಆ ಒಪ್ಪಿಗೆ ಈಗ ಮನೆಮನೆಯಲ್ಲಿ ಮುರಿದುಬೀಳುತ್ತಿದೆ.

ಇನ್ನೊಂದು ಬದಿಯಲ್ಲಿ ಸರ್ಕಾರದ ಪಾಲೂ ಸೊರಗಿದೆ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳಿಗೂ ಅನುದಾನ ಬೇಕೆಂಬ ಬೇಡಿಕೆ ಶಿಕ್ಷಕರ ಸಂಘಟನೆಗಳಿಂದ ಬಹುಕಾಲದಿಂದ ಕೇಳಿಬರುತ್ತಿದೆ. ಅನುದಾನವಿರುವ ಹಳೆಯ ಶಾಲೆಗಳಲ್ಲೂ ನಿವೃತ್ತಿಯಿಂದ ತೆರವಾದ ಹುದ್ದೆಯನ್ನು ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾದಷ್ಟೂ ಆ ಒಪ್ಪಿಗೆಗೆ ಸಮರ್ಥನೆ ಕಡಿಮೆ, ಶಿಕ್ಷಕರು ಕಡಿಮೆಯಾದಷ್ಟೂ ಪಾಲಕರಿಗೆ ಆ ಶಾಲೆಯ ಮೇಲೆ ನಂಬಿಕೆ ಕಡಿಮೆ. ಗಣಿತದ ಶಿಕ್ಷಕರಿಲ್ಲದ ಶಾಲೆಗೆ ಮಗುವನ್ನು ಕಳುಹಿಸಿ ಊರ ಶಾಲೆ ಉಳಿಸಿ ಎಂದು ಹೇಳುವುದು ಸುಲಭ, ಕೇಳುವುದು ಕಷ್ಟ. ತೆರವಾದ ಜಾಗಕ್ಕೆ ಸಮಿತಿಯೇ ಗೌರವಧನ ಕೊಟ್ಟು ಶಿಕ್ಷಕರನ್ನು ನೇಮಿಸಿಕೊಳ್ಳಬೇಕಾದಾಗ ಹಣ ಬರುವುದು ಬೇರೂರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳಿಂದ. ಸುವರ್ಣ ಮಹೋತ್ಸವ, ಅಮೃತ ಮಹೋತ್ಸವಗಳ ಸಮಯದಲ್ಲಿ ಅವರು ಊರಿಗೆ ಬರುತ್ತಾರೆ, ರಂಗಮಂದಿರಕ್ಕೋ ಕಂಪ್ಯೂಟರ್ ಕೊಠಡಿಗೋ ದೇಣಿಗೆ ಕೊಡುತ್ತಾರೆ, ಸ್ಮರಣ ಸಂಚಿಕೆ ಬಿಡುಗಡೆಯಾಗುತ್ತದೆ.

ಈ ಸ್ಮರಣ ಸಂಚಿಕೆಗಳ ಬಗ್ಗೆ ಒಂದು ಮಾತು ಇಲ್ಲಿ ಸಲ್ಲುತ್ತದೆ. ಘಟ್ಟದ ಮೇಲಿನ ಶಿಕ್ಷಣದ ಚರಿತ್ರೆ ಬರೆಯಹೊರಟವರಿಗೆ ಮೊದಲು ಕೈಗೆ ಸಿಗುವ ಆಕರ ಇವೇ. ಜಾಗ ಕೊಟ್ಟವರು, ಮೊದಲ ಮುಖ್ಯಾಧ್ಯಾಪಕರು, ರ‍್ಯಾಂಕು ಬಂದವರು ಎಲ್ಲರೂ ಇವುಗಳಲ್ಲಿ ಇರುತ್ತಾರೆ. ಎಂಟಕ್ಕೆ ಸೇರಿ ಹತ್ತಕ್ಕೆ ತಲುಪದವರು ಇರುವುದಿಲ್ಲ. ಅವರ ಗುರುತು ಉಳಿದಿರುವುದು ಶಾಲೆಯ ಕಪಾಟಿನಲ್ಲಿರುವ ದಾಖಲಾತಿ ಪುಸ್ತಕಗಳಲ್ಲಿ: ಮಗುವಿನ ಹೆಸರು, ಜಾತಿ, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಯಾವ ಊರಿನಿಂದ ಯಾವ ವರ್ಷ ಮೊದಲ ಹುಡುಗಿ ಬಂದಳು, ಯಾವ ಹಾಡಿಯಿಂದ ಯಾರೂ ಬರಲಿಲ್ಲ ಎಂಬುದನ್ನು ತಾಲೂಕುವಾರು ತಿಳಿಸಬಲ್ಲ ಈ ಪುಸ್ತಕಗಳು ಮಲೆನಾಡಿನ ತೇವದಲ್ಲಿ ಹೆಚ್ಚು ಕಾಲ ಬಾಳಲಾರವು. ಮುಚ್ಚುವ ಶಾಲೆಗಳ ಪುಸ್ತಕಗಳನ್ನಾದರೂ ಮೊದಲು ಕಾಪಾಡಬೇಕಾಗಿದೆ.

ಸಂಖ್ಯೆ ಕುಸಿದ ಶಾಲೆಗಳಿಗೆ ಸರ್ಕಾರ ಸೂಚಿಸುತ್ತಿರುವ ಪರಿಹಾರದ ದಿಕ್ಕು ಕರ್ನಾಟಕ ಪಬ್ಲಿಕ್ ಶಾಲೆ, ಅಂದರೆ ಪೂರ್ವಪ್ರಾಥಮಿಕದಿಂದ ಪಿಯುಸಿವರೆಗಿನ ತರಗತಿಗಳನ್ನು ಒಂದೇ ಆವರಣದಲ್ಲಿ ನಡೆಸುವ ವ್ಯವಸ್ಥೆ. ವಿಷಯಕ್ಕೊಬ್ಬರು ಶಿಕ್ಷಕರು, ಪ್ರಯೋಗಾಲಯ, ಗ್ರಂಥಾಲಯ, ಆಟದ ಬಯಲು ಒಂದೆಡೆ ಸಿಗುವುದರಿಂದ ಕಲಿಕೆಯ ದೃಷ್ಟಿಯಿಂದ ಇದಕ್ಕೆ ಬಲವಾದ ಸಮರ್ಥನೆಯಿದೆ. ಹದಿನೈದು ಮಕ್ಕಳ ತರಗತಿಗೆ ಏಳು ಶಿಕ್ಷಕರನ್ನು ಕೊಡುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಆದರೆ ಘಟ್ಟದ ಮೇಲೆ ಇಂಥ ಕ್ರೋಡೀಕರಣ ನಡೆದಾಗ ಉದ್ದವಾಗುವ ದಾರಿ ಎಲ್ಲ ಮಕ್ಕಳಿಗೂ ಒಂದೇ ಅಳತೆಯದಾಗಿರುವುದಿಲ್ಲ. ತೋಟದ ಮನೆಯ ಮಗುವಿಗೆ ಹಳ್ಳಿಯ ಶಾಲೆ ಮುಚ್ಚಿದರೂ ಮನೆಯ ಬೈಕು, ಕಾರು ಇಲ್ಲವೇ ಶಾಲೆಯ ವಾಹನವಿದೆ. ಆ ಮಗು ಈಗಾಗಲೇ ಪೇಟೆಗೆ ಹೋಗುತ್ತಿದೆ. ಇಂದು ಹುಲೇಕಲ್ಲು, ಹಾರ್ಸಿಕಟ್ಟೆ, ವಜ್ರಳ್ಳಿಗಳಂಥ ಊರುಗಳ ಶಾಲೆಗಳನ್ನು ನೆಚ್ಚಿಕೊಂಡಿರುವವರಲ್ಲಿ ಕೂಲಿಯ ಮನೆಯ, ಸಣ್ಣ ಹಿಡುವಳಿಯ ಮನೆಯ, ಕಾಡಂಚಿನ ಹಾಡಿಗಳ ಮಕ್ಕಳ ಪಾಲು ಹಿಂದಿಗಿಂತ ಹೆಚ್ಚು. ಶಾಲೆಗಳನ್ನು ಒಗ್ಗೂಡಿಸುವ ಯಾವ ಯೋಜನೆಯಾದರೂ ಮೊದಲು ಬರೆದಿಡಬೇಕಾದದ್ದು ಕಟ್ಟಡದ ನಕಾಶೆಯನ್ನಲ್ಲ. ಮಳೆಗಾಲದ ಬಸ್ಸಿನ ವೇಳಾಪಟ್ಟಿಯನ್ನು, ಕಾಲುಸಂಕಗಳ ಜಾಗದಲ್ಲಿ ಆಗಬೇಕಾದ ಪಕ್ಕಾ ಸೇತುವೆಗಳ ಪಟ್ಟಿಯನ್ನು, ಕೊನೆಕೊಯ್ಲಿನ ತಿಂಗಳುಗಳಲ್ಲಿ ಮಕ್ಕಳು ಉಳಿದು ಓದಲು ಬೇಕಾದ ವಿದ್ಯಾರ್ಥಿನಿಲಯದ ಹಾಸಿಗೆಗಳ ಲೆಕ್ಕವನ್ನು.